ಜಕಾತಿಯ ಹಿಂದಿರುವ ಜಕಾತ್

ನವಿಮುಂಬಯಿಯ ಕೋಪರಖೈರಣೆಯಿಂದ ಮುಂಬಯಿಗೆ ಸರಕು ಸಾಗಿಸುವ ಲಾರಿಯವರಿಗೆ 2017ರ ಜೂನ್ ಕೊನೆಯವರೆಗೂ ಒಂದು ಪದ ತಪ್ಪಿದ್ದಲ್ಲ. ಐರೋಲಿ ಸೇತುವೆ ದಾಟಿದರೂ ಜಕಾತ್ ನಾಕೆ (ಸುಂಕದ ಕಟ್ಟೆ), ವಾಶಿ ಖಾಡಿ ದಾಟಿದರೂ ಜಕಾತ್ ನಾಕೆ. ಜುಲೈ 1ರಂದು ಜಿಎಸ್‌ಟಿ ಬಂತು, ಮುಂಬಯಿ ಪಾಲಿಕೆಯ ಜಕಾತ್ ನಿಂತಿತು. ಖಾಡಿಯ ಈಚೆಗಿನ ನವಿಮುಂಬಯಿ ಪಾಲಿಕೆ 1990ರ ದಶಕದಲ್ಲೇ ಅದರ ಬದಲು ಸೆಸ್ ಹಾಕತೊಡಗಿತ್ತು. ಕರ್ನಾಟಕದಲ್ಲಂತೂ ಜಕಾತಿ 1979ರಲ್ಲೇ ಹೋಗಿ ಪ್ರವೇಶ ತೆರಿಗೆ ಬಂದಿತ್ತು. ನಾಕೆಗಳು ಹೋದವು, ಪದ ಹೋಗಲಿಲ್ಲ. ಕೋಪರಖೈರಣೆಯ ಮುಸ್ಲಿಂ ಮನೆಗಳಲ್ಲಿ ರಂಜಾನ್ ಬಂತೆಂದರೆ ಜಕಾತ್ ಲೆಕ್ಕ ಶುರುವಾಗುತ್ತದೆ. ಲಾರಿ ನಿಲ್ಲಿಸುತ್ತಿದ್ದ ಪದವೂ ಮನೆಯೊಳಗಿನ ಈ ಪದವೂ ಒಂದೇ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಸಾಕ್ಷಿವಚನ ಮತ್ತು ನಮಾಜಿನ ನಂತರ ಬರುವ ಈ ಮೂರನೆಯದನ್ನು ಕನ್ನಡದಲ್ಲಿ ನಾವು ಸಾಮಾನ್ಯವಾಗಿ ‘ದಾನ’ ಎಂದು ಬರೆದು ಮುಗಿಸುತ್ತೇವೆ. ಹಾಗೆ ಬರೆದಾಗ ಆ ಧರ್ಮದ ಒಂದು ಮುಖ್ಯ ನಂಬಿಕೆಯೇ ಕೈತಪ್ಪುತ್ತದೆ ಎಂಬುದು ನನ್ನ ವಾದ. ನಮ್ಮ ಹಳೆಯ ಜಕಾತಿ, ತನಗೇ ಅರಿವಿಲ್ಲದೆ, ಆ ನಂಬಿಕೆಯ ಅರ್ಧವನ್ನು ಕಾಪಾಡಿಕೊಂಡು ಬಂದಿದೆ.

ಅರಬ್ಬಿಯಲ್ಲಿ ಈ ಪದದ ಬೇರಿಗೆ ಶುದ್ಧಿ ಮತ್ತು ಬೆಳವಣಿಗೆ ಎಂಬ ಎರಡು ಅರ್ಥಗಳಿವೆ. ಅದು ಸುಂಕವಾದದ್ದು ಒಂದೇ ದಿನದಲ್ಲಲ್ಲ. ಖಲೀಫ ಉಮರ್ ಕಾಲದಲ್ಲಿ ವ್ಯಾಪಾರದ ದಾರಿಗಳಲ್ಲಿ ವಸೂಲಿಗಾರರನ್ನು ನಿಲ್ಲಿಸಿದರು. ಮುಸ್ಲಿಂ ವರ್ತಕ ಅಲ್ಲಿ ಕೊಟ್ಟ ನಲವತ್ತರಲ್ಲೊಂದು ಪಾಲು ಅವನ ಜಕಾತ್ ಲೆಕ್ಕಕ್ಕೇ ಸೇರುತ್ತಿತ್ತು. ಧರ್ಮದ ಕರ್ತವ್ಯ ಹೆದ್ದಾರಿಗೆ ಬಂದದ್ದು ಹೀಗೆ. ದೆಹಲಿಯ ಸುಲ್ತಾನರ ಆಡಳಿತದಲ್ಲಿ ಆಮದು ಸರಕಿನ ಮೇಲಿನ ವಸೂಲಿಗೂ ಇದೇ ಹೆಸರು ಅಂಟಿಕೊಂಡಿತು. ಔರಂಗಜೇಬ 1665ರಲ್ಲಿ ವರ್ತಕರ ಸುಂಕವನ್ನು ಮುಸ್ಲಿಮರಿಗೆ ಶೇಕಡ 2.5, ಹಿಂದೂಗಳಿಗೆ ಶೇಕಡ 5 ಎಂದು ನಿಗದಿ ಮಾಡಿದಾಗ ಆ ಮೊದಲ ದರದ ಮೂಲವೂ ಇದೇ ನಲವತ್ತರಲ್ಲೊಂದು. ಮುಂದೆ ಧರ್ಮದ ಎಳೆ ಪೂರ್ತಿ ಕಳಚಿಕೊಂಡಿತು. ಕೊಂಕಣದ ಉಪ್ಪಿನ ವ್ಯಾಪಾರ ಉಳಿಯಲೆಂದು, ಗೋವೆಯ ಬಾರ್ದೇಶದಿಂದ ಬರುವ ಉಪ್ಪಿಗೆ ಹೆಚ್ಚು ಜಕಾತ್ ಹಾಕುವಂತೆ ಶಿವಾಜಿ ಮಹಾರಾಜರು 1671ರಲ್ಲಿ ಕುಡಾಳದ ಅಧಿಕಾರಿಗೆ ಬರೆದರು. ಅಷ್ಟರಲ್ಲಾಗಲೇ ಅದು ಯಾವ ಮತಕ್ಕೂ ಸೇರದ, ರಾಜ್ಯದ ಬೊಕ್ಕಸದ ಪದ. ಮರಾಠಿಯಲ್ಲಿ ಜಕಾತ್, ಕನ್ನಡದಲ್ಲಿ ಜಕಾತಿ. ಜಕಾತಿ ಕಟ್ಟೆ, ಜಕಾತಿ ನಾಕೆ. ನಮ್ಮ ಸುಂಕದ ಪಕ್ಕದಲ್ಲೇ ಅದಕ್ಕೂ ಒಂದು ಜಾಗ ಸಿಕ್ಕಿತು.

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎನ್ನುತ್ತದೆ ನಮ್ಮ ಗಾದೆ. ಕೊಡಬೇಕಾದ್ದು ಕೊಡಬೇಕು, ಅಷ್ಟೇ. ಜಕಾತಿಯಲ್ಲಿ ಉಳಿದುಕೊಂಡ ಅರ್ಧ ಸತ್ಯ ಇದೇ. ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಕೊಟ್ಟರೆ ದೊಡ್ಡವನು, ಕೊಡದಿದ್ದರೆ ಕೇಳುವವರಿಲ್ಲ. ಜಕಾತ್ ಹಾಗಲ್ಲ. ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಗೊತ್ತುಪಡಿಸಿದ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಈ ನಂಬಿಕೆಯಲ್ಲಿ ಧನವೆಲ್ಲ ದೇವರದು, ಮನುಷ್ಯ ಅದರ ಪಾಲಕ ಮಾತ್ರ. ಆ ನಲವತ್ತರಲ್ಲೊಂದು ಪಾಲು ಅವನ ತಿಜೋರಿಯಲ್ಲಿದ್ದರೂ ಅವನದಲ್ಲ. ಅದನ್ನು ಇಟ್ಟುಕೊಂಡರೆ ಪರರ ಸೊತ್ತು ಇಟ್ಟುಕೊಂಡಂತೆ. ಉಳಿದ ಧನ ಶುದ್ಧವಾಗುವುದು ಆ ಪಾಲನ್ನು ಬೇರೆ ತೆಗೆದಾಗ. ಶುದ್ಧಿ ಎಂಬ ಮೂಲಾರ್ಥಕ್ಕೆ ಸಿಗುವ ವಿವರಣೆ ಇದು.

ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತುರ್ಭೆಯ ಎಪಿಎಂಸಿ ಮಾರುಕಟ್ಟೆಯ ಒಬ್ಬ ಮಸಾಲೆ ವ್ಯಾಪಾರಿ ಇಸ್ಲಾಮೀ ಧರ್ಮಶಾಸ್ತ್ರದ ಹನಫಿ ಪಂಥದವನೆಂದು ಇಟ್ಟುಕೊಳ್ಳೋಣ. ಅವನ ಗೋದಾಮಿನ ಮೆಣಸು, ಏಲಕ್ಕಿ ಚೀಲಗಳು ಆ ದಿನದ ಮಾರಾಟ ದರದಲ್ಲಿ ಲೆಕ್ಕಕ್ಕೆ ಬರುತ್ತವೆ. ತಕ್ಕಡಿ, ಟೆಂಪೊ, ವಾಸದ ಮನೆ ಬರುವುದಿಲ್ಲ. ನಗದು, ಬ್ಯಾಂಕಿನ ಉಳಿತಾಯ, ಬರಬೇಕಾದ ಬಾಕಿ ಸೇರುತ್ತವೆ. ತೀರಿಸಬೇಕಾದ ಸಾಲ ಕಳೆಯುತ್ತದೆ. ಉಳಿದದ್ದು ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯನ್ನು ಮುಟ್ಟಿದರೆ, ಚಾಂದ್ರಮಾನದ ಒಂದು ವರ್ಷ ಕಳೆದ ಮೇಲೆ ಶೇಕಡ 2.5 ಕೊಡಬೇಕು. 10 ಲಕ್ಷ ರೂಪಾಯಿ ಉಳಿದಿದ್ದರೆ 25,000. ಇನ್ನು ಹೆಂಡತಿಯ ಒಡವೆ ಹೆಂಡತಿಯ ಸ್ವಂತ ಆಸ್ತಿ, ಅದರ ಹೊಣೆಯೂ ಅವಳದೇ. ಹನಫಿಗಳ ಪ್ರಕಾರ ಮೈಮೇಲಿನ ಚಿನ್ನಕ್ಕೂ ಜಕಾತ್ ಇದೆ. ಕಲ್ಯಾಣ, ಠಾಣೆಯ ಕೊಂಕಣಿ ಮುಸ್ಲಿಮರು, ನಮ್ಮ ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ದಿನಬಳಕೆಯ ಒಡವೆಗೆ ವಿನಾಯಿತಿ ಇದೆ. ಒಂದೇ ಕಟ್ಟಡದ ಎರಡು ಮನೆಗಳಲ್ಲಿ ಒಂದೇ ತೂಕದ ಬಳೆಗೆ ಎರಡು ಲೆಕ್ಕ ಇರಬಹುದು. ಇಷ್ಟು ಸೂಕ್ಷ್ಮವಾಗಿ ಅಳೆಯುವುದು ಹಕ್ಕನ್ನೇ ಹೊರತು ಔದಾರ್ಯವನ್ನಲ್ಲ.

ಹಾಗಾದರೆ ಇದು ಬರಿಯ ತೆರಿಗೆಯಲ್ಲವೇ, ಇದರಲ್ಲಿ ಅಧ್ಯಾತ್ಮ ಎಲ್ಲಿದೆ ಎಂದು ಕೇಳಬಹುದು. ಜಕಾತಿಯಲ್ಲಿ ಕಳೆದುಹೋದ ಅರ್ಧ ಇರುವುದು ಇಲ್ಲೇ. ನಾಕೆಯವನಿಗೆ ರಸೀದಿ ಇದ್ದರೆ ಸಾಕು, ಮನಸ್ಸು ಬೇಕಿಲ್ಲ. ಜಕಾತ್‌ಗೆ ನಿಯ್ಯತ್ತು, ಅಂದರೆ ಸಂಕಲ್ಪ ಬೇಕು. ಸಂಕಲ್ಪವಿಲ್ಲದೆ ಕೊಟ್ಟ ಹಣ ಆ ಲೆಕ್ಕಕ್ಕೆ ಸೇರದು. ಕುರ್‌ಆನ್ ನಮಾಜನ್ನೂ ಜಕಾತನ್ನೂ ಮತ್ತೆ ಮತ್ತೆ ಜೋಡಿಯಾಗಿಯೇ ಹೇಳುತ್ತದೆ. ಒಂದು ದೇವರ ಎದುರು ಹಣೆ ಬಾಗಿಸಿದರೆ ಇನ್ನೊಂದು ಸಂಪತ್ತಿನ ಮೋಹವನ್ನು ಬಾಗಿಸುತ್ತದೆ. ಸುಂಕ ಬೀಳುವುದು ಚಲಿಸುವ ಸರಕಿನ ಮೇಲೆ. ಜಕಾತ್ ಮುಟ್ಟುವುದು ವರ್ಷವಿಡೀ ಕೈಯಲ್ಲುಳಿದ ಧನವನ್ನು. ಅದು ಯಾರಿಗೆ ಸಲ್ಲಬೇಕೆಂಬುದೂ ನಿಗದಿಯಾಗಿದೆ. ಬಡವರು, ನಿರ್ಗತಿಕರು, ಸಾಲಗಾರರು, ಸೆರೆಯಿಂದ ಬಿಡಿಸಬೇಕಾದವರು, ದಾರಿಯಲ್ಲಿ ಸಿಕ್ಕಿಕೊಂಡ ಪಯಣಿಗರು ಸೇರಿ ಎಂಟು ವರ್ಗಗಳು. ಪಡೆದವನು ಆ ಹಣದ ಒಡೆಯನಾಗಲೇಬೇಕೆಂಬ ಹನಫಿ ನಿಯಮದಿಂದಾಗಿ ಜಕಾತ್ ಹಣದಲ್ಲಿ ಮಸೀದಿ ಕಟ್ಟುವಂತಿಲ್ಲ. ಪ್ರಾರ್ಥನಾಮಂದಿರಕ್ಕಿಂತ ಮೊದಲು ಹಸಿದವನ ಕೈ ಎಂಬ ಈ ನಿಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಂದೆ ತಾಯಿಗೆ, ಮಕ್ಕಳಿಗೆ ಜಕಾತ್ ಸಲ್ಲದು, ಅವರನ್ನು ಸಾಕುವುದು ಹೇಗೂ ಕರ್ತವ್ಯ. ಒಂದು ಕರ್ತವ್ಯದ ಹಣದಲ್ಲಿ ಇನ್ನೊಂದನ್ನು ತೀರಿಸುವಂತಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಬಹುಪಾಲು ಶಾಸ್ತ್ರಕಾರರ ಮತದಂತೆ ಜಕಾತ್ ಮುಸ್ಲಿಂ ಬಡವರಿಗೇ ಸಲ್ಲಬೇಕು. ಹಾಗಿರುವಾಗ ಅದನ್ನು ಮನುಷ್ಯರೆಲ್ಲರ ಹಕ್ಕು ಎನ್ನಬಹುದೇ? ಈ ಮಿತಿಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜಕಾತ್ ಒಬ್ಬನ ಕೊಡುಗೆಯ ಕೊನೆಯ ಗೆರೆಯಲ್ಲ, ಕನಿಷ್ಠ ಗೆರೆ. ಅದರಾಚೆ ಸದಕಾ ಇದೆ. ಅದಕ್ಕೆ ದರವಿಲ್ಲ, ಮತದ ಗಡಿಯಿಲ್ಲ, ಅಕ್ಕಪಕ್ಕದ ಯಾರಿಗೂ ಕೊಡಬಹುದು. ನಮ್ಮ ‘ದಾನ’ಕ್ಕೆ ಸರಿಹೊಂದುವುದು ಸದಕಾ. ಎರಡನ್ನೂ ಒಂದೇ ಪದದಿಂದ ಕರೆದಾಗ ಋಣಕ್ಕೂ ಪ್ರೀತಿಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಶೇಕಡ 2.5 ತೀರಾ ಕಡಿಮೆಯಲ್ಲವೇ ಎಂಬ ಪ್ರಶ್ನೆಗೂ ಇದೇ ಉತ್ತರ. ಅದು ಕನಿಷ್ಠ ಗೆರೆ. ಜೊತೆಗೆ ಆ ದರ ಆದಾಯದ ಮೇಲಲ್ಲ, ಕೂಡಿಟ್ಟ ಒಟ್ಟು ಧನದ ಮೇಲೆ, ಅದೂ ವರ್ಷ ವರ್ಷ. ಸುಮ್ಮನೆ ಇಟ್ಟ ಹಣ ತಾನಾಗಿ ಕರಗುತ್ತಾ ಬರುತ್ತದೆ.

ಕನ್ನಡಿಗರಿಗೆ ಈ ವಿಚಾರ ಹೊರಗಿನದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣ ವಚನಕಾರನಾಗಿದ್ದ. ಕೊಟ್ಟೆನೆಂಬ ಅಹಂಕಾರ ಅಳಿಯದೆ ದಾಸೋಹವಿಲ್ಲ ಎಂಬುದು ಶರಣರ ನಿಲುವು. ಅಳತೆಯಿಲ್ಲದ ದಾಸೋಹವೂ ಅಳತೆಯಿಟ್ಟ ಜಕಾತೂ ಬೇರೆ ಬೇರೆ ದಾರಿಗಳು. ಆದರೆ ಕೊಡುವವನು ದೊಡ್ಡವನಲ್ಲ ಎಂಬ ಮಾತಿನಲ್ಲಿ ಎರಡೂ ಕೂಡುತ್ತವೆ. ಆದ್ದರಿಂದ ಇಸ್ಲಾಮಿನ ಬಗ್ಗೆ ಕನ್ನಡದಲ್ಲಿ ಬರೆಯುವವರು, ಪಾಠ ಹೇಳುವವರು ಜಕಾತನ್ನು ಜಕಾತ್ ಎಂದೇ ಕರೆಯಲಿ, ವಿವರಿಸುವಾಗ ‘ಬಡವರ ಹಕ್ಕಿನ ಪಾಲು’ ಎನ್ನಲಿ. ದಾನ ಎಂದಾಗ ಪಡೆಯುವವನು ಕೈಯೊಡ್ಡಿ ಕೆಳಗೆ ನಿಲ್ಲುತ್ತಾನೆ. ಹಕ್ಕು ಎಂದಾಗ ಅವನು ತನ್ನದನ್ನು ತಾನು ಪಡೆದುಕೊಳ್ಳುತ್ತಾನೆ, ಋಣ ತೀರಿದ ನೆಮ್ಮದಿ ಕೊಟ್ಟವನದಾಗುತ್ತದೆ.