ನೇಸೊಫ್ಯಾರಿಂಜಿಯಲ್ ಆಂಜಿಯೊಫೈಬ್ರೋಮ

ಹದಿಹರೆಯದ ಹುಡುಗರ ಮೂಗಿನ ಹಿಂಭಾಗದಲ್ಲಿ ಬೆಳೆಯುವ, ರಕ್ತನಾಳಗಳಿಂದ ಕಿಕ್ಕಿರಿದ ಅಪರೂಪದ ಗೆಡ್ಡೆ. ತಲೆ-ಕುತ್ತಿಗೆಯ ಎಲ್ಲ ಗೆಡ್ಡೆಗಳಲ್ಲಿ ಇದರ ಪಾಲು ಶೇ. 0.5ನ್ನು ಮೀರದು. ಇದು ಕ್ಯಾನ್ಸರ್ ಅಲ್ಲ, ದೂರದ ಅಂಗಗಳಿಗೆ ಹರಡುವುದಿಲ್ಲ. ಹಾಗೆಂದು ಸಾಧುವೂ ಅಲ್ಲ: ಮೂಳೆಯನ್ನು ಸವೆಸುತ್ತ ಕೆನ್ನೆಯ ಹಿಂಬದಿಗೆ, ಕಣ್ಣಿನ ಗೂಡಿಗೆ, ಕೆಲವೊಮ್ಮೆ ತಲೆಬುರುಡೆಯ ಒಳಕ್ಕೂ ನುಗ್ಗುತ್ತದೆ.

ಗೆಡ್ಡೆ ಹುಟ್ಟುವುದು ಮೂಗಿನ ಪಕ್ಕದ ಗೋಡೆಯ ಹಿಂತುದಿಯಲ್ಲಿರುವ ಸ್ಫೀನೊಪ್ಯಾಲಟೈನ್ ರಂಧ್ರದ ಬಳಿ. ಬಹುತೇಕ ಗಂಡುಮಕ್ಕಳಲ್ಲೇ ಕಾಣುವುದರಿಂದ ಪುರುಷ ಹಾರ್ಮೋನಿನ ನಂಟನ್ನು ಶಂಕಿಸಲಾಗಿದೆ. ಇದರ ಅನೇಕ ರಕ್ತನಾಳಗಳಿಗೆ ಸ್ನಾಯುವಿನ ಪದರವೇ ಇಲ್ಲ. ಗಾಯವಾದರೆ ಅವು ಮುದುಡಿಕೊಳ್ಳಲಾರವು, ರಕ್ತ ನಿಲ್ಲುವುದಿಲ್ಲ.

ಮೊದಲ ಸೂಚನೆಗಳು ಎರಡು: ಒಂದೇ ಹೊಳ್ಳೆ ಕಟ್ಟುವುದು, ನೋವಿಲ್ಲದೆ ಪದೇ ಪದೇ ರಕ್ತ ಸೋರುವುದು. ಮನೆಯಲ್ಲಿ ಇದನ್ನು ‘ಉಷ್ಣ’ ಎಂದು ಎಳನೀರು ಕುಡಿಸಿ ಸುಮ್ಮನಾಗುವುದುಂಟು. ಮೂಗಿನೊಳಗೆ ಇಣುಕಿದವರು ದುರ್ಮಾಂಸವೆಂದು ತಿಳಿಯುವುದೂ ಉಂಟು. ಹೀಗೆ ಕಳೆದ ಕಾಲದಲ್ಲಿ ಕಿವಿ ಮಂದವಾಗಬಹುದು, ಕೆನ್ನೆ ಊದಬಹುದು, ಕಣ್ಣು ಮುಂದಕ್ಕೆ ಬರಬಹುದು.

ಎಂಡೊಸ್ಕೋಪಿನಲ್ಲಿ ನುಣುಪಾದ, ಕೆಂಪು-ನೇರಳೆ ಬಣ್ಣದ ಉಬ್ಬು ಕಾಣುತ್ತದೆ. ಬೇರೆ ಗೆಡ್ಡೆಗಳಿಗೆ ಬಯಾಪ್ಸಿಯೇ ಆಧಾರವಾದರೆ, ಇಲ್ಲಿ ಹೊರರೋಗಿ ಕೊಠಡಿಯಲ್ಲಿ ಚೂರು ತೆಗೆಯುವುದು ಪ್ರಾಣಕ್ಕೇ ಕುತ್ತು ತರಬಲ್ಲದು. ಸ್ಕ್ಯಾನ್ ನೋಡಿಯೇ ರೋಗ ನಿರ್ಧರಿಸುತ್ತಾರೆ. ದವಡೆಯ ಸೈನಸ್ಸಿನ ಹಿಂಗೋಡೆ ಮುಂದಕ್ಕೆ ಬಾಗಿರುವುದು ಸಿ.ಟಿ.ಯಲ್ಲಿ ಸಿಗುವ ಪ್ರಸಿದ್ಧ ಗುರುತು; ಅದಕ್ಕೆ ಹೋಲ್ಮನ್-ಮಿಲ್ಲರ್ ಚಿಹ್ನೆ ಎಂದು ಹೆಸರು. ಕಣ್ಣು, ಮಿದುಳಿನತ್ತ ಗೆಡ್ಡೆ ಎಷ್ಟು ಸರಿದಿದೆ ಎಂಬುದನ್ನು ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ.

ಚಿಕಿತ್ಸೆ ಶಸ್ತ್ರಕ್ರಿಯೆಯೇ. ಅದಕ್ಕೆ 24ರಿಂದ 72 ಗಂಟೆ ಮೊದಲು ಸಾಮಾನ್ಯವಾಗಿ ಎಂಬೊಲೈಸೇಶನ್ ಮಾಡುತ್ತಾರೆ: ತೊಡೆಸಂದಿನ ಅಪಧಮನಿಯಿಂದ ತೆಳು ಕೊಳವೆ ತೂರಿಸಿ, ಗೆಡ್ಡೆಗೆ ರಕ್ತ ಉಣಿಸುವ ಮ್ಯಾಕ್ಸಿಲರಿ ಅಪಧಮನಿಯ ಕವಲುಗಳಿಗೆ ಸೂಕ್ಷ್ಮ ಕಣಗಳನ್ನು ಬಿಟ್ಟು ಹರಿವು ತಡೆಯುತ್ತಾರೆ. ಕಣಗಳು ದಾರಿ ತಪ್ಪಿ ಕಣ್ಣಿನ ನಾಳ ಸೇರಿದರೆ ದೃಷ್ಟಿಯೇ ಹೋಗಬಹುದು. ಹಾಗಾಗಿ ಇದು ಪಳಗಿದ ಕೈಗಳ ಕೆಲಸ. ಹಿಂದೆ ಮುಖವನ್ನೋ ಅಂಗುಳನ್ನೋ ಕೊಯ್ದು ಗೆಡ್ಡೆ ತೆಗೆಯುತ್ತಿದ್ದರು. ಈಗ ಹೆಚ್ಚಿನವನ್ನು ಮುಖದ ಮೇಲೆ ಗೀರೂ ಇಲ್ಲದಂತೆ, ಎಂಡೊಸ್ಕೋಪಿನ ನೆರವಿನಿಂದ ಹೊಳ್ಳೆಯ ಮೂಲಕವೇ ತೆಗೆಯಬಹುದು. ಎಳೆಯ ವಯಸ್ಸಿನಲ್ಲಿ ವಿಕಿರಣ ಕೊಟ್ಟರೆ ಮುಂದೆ ಕ್ಯಾನ್ಸರಿನ ಭಯವಿರುವುದರಿಂದ, ಅದನ್ನು ಕತ್ತರಿಗೆ ಸಿಗದ ಗೆಡ್ಡೆಗಳಿಗೆ ಮಾತ್ರ ಮೀಸಲಿಡುತ್ತಾರೆ.

ಸ್ಫೀನಾಯ್ಡ್ ಮೂಳೆಯೊಳಗೆ ಅವಿತುಳಿದ ತುಣುಕಿನಿಂದ ಗೆಡ್ಡೆ ಮತ್ತೆ ಬೆಳೆಯಬಹುದು. ಉಸಿರಾಟ ಸರಾಗವಾಯಿತೆಂದು ಶಸ್ತ್ರಕ್ರಿಯೆಯ ನಂತರದ ವರ್ಷಗಳ ಎಂ.ಆರ್.ಐ. ತಪಾಸಣೆಯನ್ನು ಯಾರೂ ಬಿಡಬಾರದು.