ತಾತನ ರ‍್ಯಾಲಿ, ಇಂಚಿಗೆ 26 ಸುತ್ತು

ಜೋಗುಪಾಳ್ಯದ ನಮ್ಮ ಹಳೇ ಮನೆಯ ಮೆಟ್ಟಿಲ ಕೆಳಗೆ ತಾತನ ರ‍್ಯಾಲಿ ಸೈಕಲ್ ಮೂವತ್ತು ವರ್ಷ ಒರಗಿಕೊಂಡೇ ಇತ್ತು. ಹೋದ ಮಳೆಗಾಲದಲ್ಲಿ ಹೊರಗೆಳೆದೆ. ಪೆಡಲ್ ಅಲ್ಲಾಡಲ್ಲ. ಮೊದಲು ತೋರಿಸಿದ ಅಂಗಡಿಯವರು, "ಎಲ್ಲಾ ಕಚ್ಕೊಂಡಿದೆ ಸಾರ್, ಗ್ಯಾಸ್ ಕಟ್ಟರಲ್ಲಿ ಕುಯ್ದು ಹೊಸದು ಹಾಕ್ಬಿಡೋಣ" ಅಂದ್ರು. ನಾನೂ ಒಪ್ಪಿಬಿಡೋನೇ!

ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್. ಆ ಕಾರ್ಖಾನೆ ಶುರುವಾದದ್ದು 1940ರಲ್ಲಿ. ಯುದ್ಧದ ನಡುವೆ, 1943ರಲ್ಲಿ, ಅದು ಅಮೆರಿಕನ್ ಸೇನೆಯ ವಿಮಾನ ರಿಪೇರಿ ಡಿಪೋ ಆಯಿತು. ಇಂದಿರಾನಗರ ಅನ್ನೋದು ಆಗಿನ್ನೂ ಹುಟ್ಟಿರಲಿಲ್ಲ. ತಾತ ದಿನಾ ಅಷ್ಟು ದೂರ ತುಳಿದದ್ದು ಇದನ್ನೇ.

ಕೊನೆಗೆ ಕೆಲಸ ಹಿಡಿದದ್ದು ಹಲಸೂರಿನ ಒಬ್ಬ ವಯಸ್ಸಾದ ಮೇಸ್ತ್ರಿ. ಮೊದಲು ಕಾಟರ್ ಪಿನ್. ಪೆಡಲಿನ ತೋಳನ್ನು ಆಕ್ಸಲಿಗೆ ಬಿಗಿಯುವ ಪುಟ್ಟ ಉಕ್ಕಿನ ಬೆಣೆ ಅದು. ಬೆಣೆ ಅಂದಮೇಲೆ ಕಚ್ಚೋದೇ ಅದರ ಕೆಲಸ, ಜೊತೆಗೆ ತುಕ್ಕು ಸೇರಿದರೆ ಕೇಳಬೇಕೇ? ಮೂರು ದಿನ ಸೀಮೆಎಣ್ಣೆ ಬಿಟ್ಟರು. ಆಮೇಲೆ ನಟ್ಟನ್ನು ಪಿನ್ನಿನ ತುದಿಯವರೆಗೆ ಸಡಿಲಿಸಿ (ಮರೆಗಳು ಜಜ್ಜಿಹೋಗದಿರಲಿ ಅಂತ), ತೋಳಿನ ಕೆಳಗೆ ಕಬ್ಬಿಣದ ಪೈಪ್ ಆನಿಸಿ, ಸುತ್ತಿಗೆಯಿಂದ ಒಂದೇ ಏಟು. "ಸಣ್ಣ ಸಣ್ಣ ಏಟು ಹಾಕ್ಬಾರ್ದು ಸಾರ್, ಪಿನ್ನು ಬಗ್ಗಿ ಇನ್ನೂ ಕಚ್ಕೊಳ್ಳುತ್ತೆ." ಪೈಪ್ ಇಲ್ಲದಿದ್ದರೆ ಆ ಏಟೆಲ್ಲ ಒಳಗಿನ ಬೇರಿಂಗಿಗೆ ಬೀಳ್ತಿತ್ತು.

ಪಿನ್ ಹಾಳಾದರೂ ಚಿಂತೆಯಿರಲಿಲ್ಲ. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ ಶುರುವಾಗಿ ಹರ್ಕ್ಯುಲಿಸ್ ಮಾಡಿತು, ಆಮೇಲೆ ಲುಧಿಯಾನಾದ ಹೀರೋ ಬಂತು. ಎಲ್ಲರೂ ಆ ಬ್ರಿಟಿಷ್ ಮಾದರಿಯನ್ನೇ ಹಿಡಿದುಕೊಂಡರು. ಇಂಗ್ಲೆಂಡ್ ಕೈಬಿಟ್ಟ ಪಿನ್ನನ್ನು ನಮ್ಮ ಹಾಲಿನವರ ಸೈಕಲ್ಲು ಉಳಿಸಿಕೊಂಡಿದೆ, ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತೆ.

ಆದ್ರೆ ಕಪ್ ವಿಷಯ ಹಾಗಲ್ಲ. ಬೇರಿಂಗ್ ಕೂರುವ ಈ ಕಪ್ಪಿಗೆ ಉಳಿದ ಬ್ರಿಟಿಷ್ ಸೈಕಲ್ಲುಗಳಲ್ಲಿ ಇಂಚಿಗೆ 24 ಮರೆ. ನಾಟಿಂಗ್‌ಹ್ಯಾಮಿನ ರ‍್ಯಾಲಿಯವರು ಮಾತ್ರ 26 ಕೊರೆದರು. ಗಿರಾಕಿ ಸ್ಪೇರ್ ಪಾರ್ಟಿಗೆ ತಮ್ಮಲ್ಲಿಗೇ ಬರಲಿ ಅನ್ನೋ ಲೆಕ್ಕಾಚಾರ ಇರಬೇಕು, ಚಾರ್ಜರ್ ಕೇಬಲ್ ಕಥೆ ಹೊಸದೇನಲ್ಲ! ಅಂದರೆ ಕಪ್ ಕುಯ್ದು ಫ್ರೇಮಿನ ಮರೆ ಕೆಟ್ಟಿದ್ದರೆ ಅಂಗಡಿಯ ಮಾಮೂಲಿ ಕಪ್ ಕೂರೋದಿಲ್ಲ. ಫ್ರೇಮೇ ಗುಜರಿಗೆ.

ಇನ್ನೊಂದು ತೊಡಕು: ಚೈನ್ ಕಡೆಯ ಕಪ್ಪಿಗೆ ಎಡ ಮರೆ. ನಾನು ಮನೇಲಿ ಎರಡು ಭಾನುವಾರ ಎಡಕ್ಕೆ ತಿರುಗಿಸಿ ತಿರುಗಿಸಿ ಅದನ್ನ ಬಿಗಿ ಮಾಡ್ತಿದ್ದೆ. ಹೇಳಿದಾಗ ಮೇಸ್ತ್ರಿ ನಗಲಿಲ್ಲ, ಪುಣ್ಯ. ಕಪ್ಪಿನ ತೂತಿಗೆ ದಪ್ಪ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಕೊಟ್ಟು ನಟ್ ಬಿಗಿದರು. ಉದ್ದ ಪಾನಾ ಹಾಕಿ ಬಲಕ್ಕೆ ಒತ್ತಿದರು. ಟಕ್ ಅಂತ ಸದ್ದಾಯಿತು.

ಒಳಗೆ ಗ್ರೀಸ್ ಒಣಗಿ ಮೇಣದ ಹಾಗಿತ್ತು. ಅದನ್ನು ಕೆರೆದು ಒರೆಸಿದಾಗ ಮರೆಗಳು ಒಂದೂ ಕೆಟ್ಟಿರಲಿಲ್ಲ. ಗುಂಡುಗಳನ್ನಷ್ಟೇ ಬದಲಾಯಿಸಿ, ಅದೇ ಕಪ್ಪನ್ನು ಎಡಕ್ಕೆ ತಿರುಗಿಸಿ ವಾಪಸ್ ಕೂರಿಸಿದೆವು.