ದೆವ್ವಕ್ಕೆ ಕೇಳುವ ಮೂರು ಪ್ರಶ್ನೆ

ಭಯದ ಸಿನಿಮಾದ ಕಥೆ ಯಾವ ಹದದಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ವಿಚಾರಕ್ಕೆ ತಳಪಾಯ ಬಿದ್ದದ್ದು ಜಾನಪದದಲ್ಲಿ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿಯ ಅದ್ಭುತ ಕಥೆಗಳನ್ನು ಬಿಡಿಸಿ ನೋಡಿದರು. ಪಾತ್ರ ಯಾರೇ ಇರಲಿ, ಅವು ಮಾಡುವ ಕೆಲಸಗಳು 31 ಮಾತ್ರ, ಸರದಿಯೂ ತಪ್ಪುವುದಿಲ್ಲ ಎಂದರು. 1970ರಲ್ಲಿ ತ್ಸ್ವೆತಾನ್ ತೊದೊರೊವ್ ಓದುಗನ ಮನಸ್ಸಿನತ್ತ ತಿರುಗಿದರು: ಕಂಡದ್ದು ನಿಜವೋ ಭ್ರಮೆಯೋ ಎಂಬ ತೊಳಲಾಟ ಇರುವಷ್ಟು ಹೊತ್ತೇ ಅದ್ಭುತಕ್ಕೆ ಆಯುಷ್ಯ. ಭಯಾನಕ ಪ್ರಕಾರವನ್ನೇ ಹಿಡಿದು ಬರೆದ ನೋಯೆಲ್ ಕ್ಯಾರಲ್ 1990ರಲ್ಲಿ ನಾಲ್ಕು ಹಂತ ಗುರುತಿಸಿದರು. ಕೇಡು ಹಣಕಿ ಹಾಕುತ್ತದೆ, ಒಬ್ಬರು ಅದನ್ನು ಪತ್ತೆ ಹಚ್ಚುತ್ತಾರೆ, ನಂಬದವರನ್ನು ನಂಬಿಸುತ್ತಾರೆ, ಆಮೇಲೆ ಕಾಳಗ.

ಈ ನಕ್ಷೆ ನಮ್ಮ ಚಿತ್ರಗಳಿಗೆ ಮುಕ್ಕಾಲು ಪಾಲು ಹೊಂದುತ್ತದೆ. ಹೊಂದದ ಕಾಲು ಭಾಗವೇ ನನಗೆ ಮುಖ್ಯ. ಸಿಂದಗಿ ತಾಲ್ಲೂಕಿನ ಮೋರಟಗಿಯ ಸೀಮೆಯಲ್ಲಿ, ಇಂಡಿ ಮುದ್ದೇಬಿಹಾಳದ ಕಡೆಗೂ, ಗಾಳಿ ಬಡಿದವರನ್ನು ಎದುರಿಗೆ ಕೂಡಿಸಿಕೊಂಡು ಮಾತಾಡಿಸುವ ರೂಢಿ ಹಳೆಯದು. ‘ಯಾರ ನೀ? ಎಲ್ಲಿಂದ ಬಂದಿ? ಏನ ಬೇಕ ನಿನಗ?’ ಕ್ಯಾರಲ್ ಹೇಳುವ ಕಾಳಗದ ಜಾಗದಲ್ಲಿ ಇಲ್ಲಿ ವಿಚಾರಣೆ ನಡೆಯುತ್ತದೆ. ದೆವ್ವಕ್ಕೂ ಒಂದು ಅಹವಾಲು ಇರುತ್ತದೆ.

ಕನ್ನಡ ಚಿತ್ರಗಳು ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ವಿಜಯ್ ನಿರ್ದೇಶಿಸಿ ಅನಂತನಾಗ್ ನಟಿಸಿದ ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ಪ್ರೇತದ ಹಟಕ್ಕೆ ಮನ್ನಣೆಯಿಲ್ಲ. ಮಂತ್ರಾಲಯದ ರಾಯರ ಕೃಪೆಯಲ್ಲಿ ಕಥೆ ಬಗೆಹರಿಯುತ್ತದೆ. ‘ಆಪ್ತಮಿತ್ರ’ (2004) ಬಹಳ ಸೂಕ್ಷ್ಮದ ಹೆಣಿಗೆ. ಫಾಜಿಲ್ ಅವರ ಮಲಯಾಳಂ ಚಿತ್ರದಿಂದ (1993) ಪಿ. ವಾಸು ತಂದ ಈ ಕಥೆಯಲ್ಲಿ ವಿಷ್ಣುವರ್ಧನ್ ಮನೋವೈದ್ಯ. ನಾಗವಲ್ಲಿ ಎಂಬ ಪ್ರೇತ ಮೈಮೇಲೆ ಬಂದಂತೆ ಆಡುವ ಗಂಗಾಳದು ಕಾಯಿಲೆ ಎಂದು ಅವನಿಗೆ ಗೊತ್ತು. ಆದರೂ ಮಂತ್ರವಾದದ ಅಂಗಳದಲ್ಲೇ ನಾಗವಲ್ಲಿಗೆ ಅವಳು ಕೇಳಿದ ಸೇಡನ್ನು ಒಂದು ಬೊಂಬೆಯ ಮೇಲೆ ತೀರಿಸಿಕೊಳ್ಳಲು ಬಿಡುತ್ತಾನೆ. ತೊದೊರೊವ್ ಹೇಳಿದ ತೊಳಲಾಟ ಹೀಗೆ ಕೊನೆಯವರೆಗೂ ಉಳಿಯುತ್ತದೆ, ಅವಳ ಅಹವಾಲೂ ತೀರುತ್ತದೆ. ಸೌಂದರ್ಯ ಆ ಪಾತ್ರವನ್ನು ಕೋಪದಷ್ಟೇ ಸಂಕಟದಿಂದ ಆಡಿದ್ದರಿಂದಲೇ ನಮಗೆ ನಾಗವಲ್ಲಿಯ ಪರ ನಿಲ್ಲಲು ಸಾಧ್ಯವಾಯಿತು.

ಇದನ್ನು ಅರಿಯಲು ಎ.ಕೆ. ರಾಮಾನುಜನ್ ಬೇಕು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಅವರು ಕನ್ನಡದ ಜನಪದ ಕಥೆಗಳನ್ನು ಕೂಡಿಸುತ್ತ, ಹೆಣ್ಣು ಕೇಂದ್ರದಲ್ಲಿರುವ ಕಥೆಯ ಕಟ್ಟು ಬೇರೆ ಎಂದು ಕಂಡುಕೊಂಡರು. ಗಂಡಿನ ಕಥೆ ಮದುವೆಗೆ ಮುಗಿದರೆ ಇವಳ ಕಥೆ ಮದುವೆಯಿಂದಲೇ ಮೊದಲಾಗುತ್ತದೆ. ತನ್ನ ಕಥೆಯನ್ನು ತಾನೇ ಹೇಳಿಕೊಂಡಾಗ ಅವಳಿಗೆ ಬಿಡುಗಡೆ. ನಮ್ಮ ದೆವ್ವದ ಚಿತ್ರಗಳ ಚರ್ಚೆಗೆ ಪ್ರಾಪ್‌ಗಿಂತ ಈ ಸೂತ್ರ ಹತ್ತಿರದ್ದು.

2013ರ ‘6-5=2’, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಉಳಿದ ಚಿತ್ರಿಕೆ ಎಂಬ ಸೋಗಿನಲ್ಲಿ ಬಂತು. ತಂತ್ರ ಹೊಸದು, ವಿಚಾರಣೆಗೆ ಅಲ್ಲಿ ಎಡೆ ಕಡಿಮೆ. ಪವನ್ ಕುಮಾರರ ‘ಯೂ ಟರ್ನ್’ (2016) ಮತ್ತೆ ಮೂರೂ ಪ್ರಶ್ನೆಗಳನ್ನು ಎತ್ತಿಕೊಂಡಿತು. ಮೇಲ್ಸೇತುವೆಯ ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪ್ರಶ್ನೆ ಕೇಳುವವಳು ಪತ್ರಿಕೆಯ ಎಳೆಯ ವರದಿಗಾರ್ತಿ, ಮಂತ್ರವಾದಿಯ ಕೆಲಸವನ್ನು ಅವಳ ಟಿಪ್ಪಣಿ ಪುಸ್ತಕ ಮಾಡುತ್ತದೆ. ಆ ಸಾವುಗಳ ಹಿಂದಿರುವ ತಾಯಿಯೊಬ್ಬಳ ಪ್ರೇತ ಹುಡುಕುತ್ತಿದ್ದ ಅಪರಾಧಿ ಮಾತ್ರ ಆ ತಾಯಿಯ ಮನೆಯೊಳಗೇ ಸಿಗುತ್ತಾನೆ.